ಗಾಲಿಯ ಮನೆಗೊಂದು ಅಗ್ಗಿಷ್ಟಿಕೆ

ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯ ನಡುವೆ ಕ್ವಾರ್ಟ್ಜ್‌ಸೈಟ್ ಎಂಬ ಚಿಕ್ಕ ಊರೊಂದಿದೆ. ಬೇಸಿಗೆಯಲ್ಲಿ ಅಲ್ಲಿ ಬಿಸಿಲಿನದೇ ಆಳ್ವಿಕೆ, ಜನಸಂಚಾರ ವಿರಳ. ಜನವರಿ ಬಂತೆಂದರೆ ಆ ಬಯಲಿನ ರೂಪವೇ ಬದಲಾಗುತ್ತದೆ. ಉತ್ತರದ ಹಿಮಪ್ರದೇಶಗಳಿಂದಲೂ ಕೆನಡಾದಿಂದಲೂ ಹೊರಟ ಸಾವಿರಾರು ಸಂಸಾರಗಳು ತಮ್ಮ ಮನೆಯನ್ನೇ ಗಾಲಿಗಳ ಮೇಲೇರಿಸಿಕೊಂಡು ಅಲ್ಲಿಗೆ ಬಂದು ಬೀಡುಬಿಡುತ್ತವೆ. ಹಗಲು ಹಿತವಾದ ಬಿಸಿಲು. ಆದರೆ ಸೂರ್ಯ ಮುಳುಗಿದೊಡನೆ ಮರಳು ತನ್ನ ಕಾವನ್ನೆಲ್ಲ ಆಕಾಶಕ್ಕೆ ಒಪ್ಪಿಸಿಬಿಡುತ್ತದೆ. ನಡುರಾತ್ರಿಯ ವೇಳೆಗೆ ತಗಡಿನ ಗೋಡೆಗಳು ಮುಟ್ಟಲಾರದಷ್ಟು ತಣ್ಣಗಾಗುತ್ತವೆ.

ಆಗ ಗಾಡಿಯೊಳಗೆಲ್ಲೋ ‘ಟಿಕ್’ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಬೀಸಣಿಗೆಯೊಂದು ಗುಂಯ್‌ಗುಡತೊಡಗುತ್ತದೆ. ಸ್ವಲ್ಪ ಹೊತ್ತು ತಣ್ಣನೆಯ ಗಾಳಿ. ಬಳಿಕ ನೆಲದ ಬಳಿಯ ಕಿಂಡಿಗಳಿಂದ ಬೆಚ್ಚನೆಯ ಗಾಳಿ. ಹೊದಿಕೆಯೊಳಗಿನ ಮಗು ಮಗ್ಗುಲು ಬದಲಿಸಿ ಮತ್ತೆ ನಿದ್ರೆಹೋಗುತ್ತದೆ. ಎಲ್ಲಿಯೂ ಬೆಂಕಿ ಕಾಣುವುದಿಲ್ಲ, ಹೊಗೆಯ ವಾಸನೆಯಿಲ್ಲ. ಆದರೂ ಮಲಗಿದವರಿಂದ ಮಾರು ದೂರದಲ್ಲಿ, ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ, ಬೆಂಕಿ ಧಗಧಗನೆ ಉರಿಯುತ್ತಲೇ ಇರುತ್ತದೆ.

ಮಂಚದ ಪಕ್ಕದಲ್ಲಿ ಉರಿಯುವ ಈ ಬೆಂಕಿ ನಿದ್ರಿಸುವವರಿಗೆ ಕೇಡು ಮಾಡದಿರುವುದು ಹೇಗೆ? ಅದನ್ನು ಅಲ್ಲಿ ಹೂಡುವಾಗ ಯಾವ ಯಾವ ಎಚ್ಚರಿಕೆ ಬೇಕು? ಇದರ ಉತ್ತರ ಒಂದೇ ಮಾತಿನಲ್ಲಿದೆ: ಬೆಂಕಿಯೂ ಮನುಷ್ಯನೂ ಒಂದೇ ಗಾಳಿಯನ್ನು ಉಸಿರಾಡಬಾರದು. ಉಳಿದ ನಿಯಮಗಳಲ್ಲಿ ಬಹುಪಾಲು ಈ ಮಾತಿನ ವಿಸ್ತರಣೆಯೇ.

ಓಡುವ ಮನೆ

ಹಾಸಿಗೆ, ಅಡುಗೆಯ ಒಲೆ, ಸ್ನಾನದ ಕೋಣೆ ಇವೆಲ್ಲವನ್ನೂ ಒಳಗೊಂಡ ವಾಹನವನ್ನು ಅಮೆರಿಕನರು ‘ರಿಕ್ರಿಯೇಶನಲ್ ವೆಹಿಕಲ್’ ಎಂದೂ, ಚಿಕ್ಕದಾಗಿ ‘ಆರ್.ವಿ.’ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ಮನೆಗಾಡಿ ಎನ್ನಬಹುದು. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ. ಕೆಲವನ್ನು ಬೇರೊಂದು ವಾಹನ ಎಳೆಯಬೇಕು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪ್ರದೇಶ ಈ ಉದ್ಯಮದ ತವರು. ನಿವೃತ್ತರಾದ ದಂಪತಿಗಳು ಮನೆ ಮಾರಿ ವರ್ಷವಿಡೀ ಇದರಲ್ಲೇ ಸಂಚರಿಸುವುದುಂಟು. ಮಗನನ್ನೋ ಮಗಳನ್ನೋ ನೋಡಲು ಅಮೆರಿಕಕ್ಕೆ ಹೋದ ಕನ್ನಡದ ತಂದೆತಾಯಿಗಳಿಗೂ, ಬಾಡಿಗೆಯ ಮನೆಗಾಡಿಯಲ್ಲಿ ಯೆಲ್ಲೊಸ್ಟೋನ್ ಮೊದಲಾದ ಕಾಡುಗಳನ್ನು ನೋಡಿಬರುವ ಯೋಗ ಒದಗುವುದುಂಟು.

ಕಾರ್ಖಾನೆಯಲ್ಲಿ ಕಟ್ಟಿದ ಗಾಡಿಗೆ ಅಗ್ಗಿಷ್ಟಿಕೆ ಅಲ್ಲಿಯೇ ಕೂಡಿಬರುತ್ತದೆ. ತೊಡಕು ಹುಟ್ಟುವುದು ಹಳೆಯ ಗಾಡಿಯನ್ನು ಅಗ್ಗದಲ್ಲಿ ಕೊಂಡು ದುರಸ್ತಿಮಾಡುವವನಿಗೆ, ಅಥವಾ ಸರಕು ಸಾಗಿಸುವ ಖಾಲಿ ವ್ಯಾನನ್ನು ಮನೆಯಾಗಿ ಮಾರ್ಪಡಿಸುವವನಿಗೆ. ಗರಗಸ, ತಿರುಪುಳಿ, ಒಂದು ಭಾನುವಾರದ ಬಿಡುವು ಇಷ್ಟಿದ್ದರೆ ಸಾಕೆಂದು ಅವನಿಗೆ ತೋರುತ್ತದೆ. ಮಂಚವನ್ನು ಸೊಟ್ಟಗೆ ಹೂಡಿದರೆ ಬೆನ್ನು ನೋಯಬಹುದು, ಅಷ್ಟೆ. ಅಗ್ಗಿಷ್ಟಿಕೆಯನ್ನು ತಪ್ಪಾಗಿ ಹೂಡಿದರೆ ಬೆಳಗಿನ ಸೂರ್ಯನನ್ನು ಕಾಣುವ ಭಾಗ್ಯವೇ ತಪ್ಪಬಹುದು.

ಪ್ರೊಪೇನ್ ಏಕೆ?

ಕನ್ನಡ ನಾಡಿನ ಅಡುಗೆಮನೆಯ ಸಿಲಿಂಡರಿನಲ್ಲಿರುವುದು ಬ್ಯೂಟೇನ್ ಮತ್ತು ಪ್ರೊಪೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿರುವ ಇವು ಹೊರಬಂದೊಡನೆ ಅನಿಲವಾಗುತ್ತವೆ. ಆದರೆ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರದಲ್ಲೇ ಮಂಕಾಗಿ ದ್ರವವಾಗಿಯೇ ಉಳಿದುಬಿಡುತ್ತದೆ. ಪ್ರೊಪೇನ್ ಹಾಗಲ್ಲ, ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಅದು ಆವಿಯಾಗಬಲ್ಲದು. ಹಿಮ ಸುರಿಯುವ ನಾಡಿನಲ್ಲಿ ಇದೇ ಅದರ ಹಿರಿಮೆ. ಪೆಟ್ರೋಲಿನಿಂದ ಆವಿಯಾಗಿ ಹಾರಿಹೋಗುತ್ತಿದ್ದ ಅನಿಲಗಳನ್ನು ಬೇರ್ಪಡಿಸಿ ಬಳಕೆಗೆ ತಂದವನು ವಾಲ್ಟರ್ ಸ್ನೆಲ್ಲಿಂಗ್ ಎಂಬ ಅಮೆರಿಕನ್ ರಸಾಯನಶಾಸ್ತ್ರಜ್ಞ. ಅವನ ವಿಧಾನಕ್ಕೆ 1913ರಲ್ಲಿ ಪೇಟೆಂಟ್ ದೊರೆಯಿತು.

ದ್ರವರೂಪದ ಒಂದು ಪಾಲು ಪ್ರೊಪೇನ್ ಅನಿಲವಾದಾಗ ಸುಮಾರು 270 ಪಾಲಾಗಿ ಹರಡುತ್ತದೆ. ಸಣ್ಣ ಸಿಲಿಂಡರಿನಲ್ಲಿ ಅಪಾರ ಶಾಖವನ್ನು ತುಂಬಿಡಲು ಸಾಧ್ಯವಾಗುವುದು ಇದರಿಂದಲೇ. ಅದರ ಅಪಾಯವೂ ಅಲ್ಲಿಯೇ ಅಡಗಿದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಪ್ರೊಪೇನ್ ಬೆರೆತರೆ ಅದು ಹೊತ್ತಿಕೊಳ್ಳಬಲ್ಲದು. ಹನ್ನೆರಡು ಘನಮೀಟರು ಅವಕಾಶವಿರುವ ಒಂದು ಚಿಕ್ಕ ಗಾಡಿಯ ತುಂಬ ಅಂಥ ಮಿಶ್ರಣವನ್ನು ಹರಡಲು ಒಂದು ಲೀಟರಿನಷ್ಟು ದ್ರವ ಸೋರಿದರೆ ಸಾಕು. ಸಾಲದುದಕ್ಕೆ ಈ ಅನಿಲ ಗಾಳಿಗಿಂತ ಒಂದೂವರೆಪಟ್ಟು ಭಾರ. ಸೋರಿದ್ದು ನೀರಿನಂತೆ ಕೆಳಗಿಳಿದು ನೆಲದ ಮೂಲೆಗಳಲ್ಲಿ ಮಡುಗಟ್ಟುತ್ತದೆ; ಒಂದು ಸಣ್ಣ ಕಿಡಿಗಾಗಿ ಕಾದಿರುತ್ತದೆ.

ಇಬ್ಬರು ಶತ್ರುಗಳು

ಸೋರಿಕೆ ಮೊದಲನೆಯ ಶತ್ರು. ಇದನ್ನು ಮೂಗಿನಿಂದ ಪತ್ತೆಮಾಡಬಹುದು. ಆದರೆ ಆ ಸೌಲಭ್ಯ ದೊರೆತದ್ದರ ಹಿಂದೆ ಕಣ್ಣೀರಿನ ಕಥೆಯಿದೆ. 1937ರ ಮಾರ್ಚ್ 18ರಂದು ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ನೈಸರ್ಗಿಕ ಅನಿಲ ನೆಲದಡಿಯಲ್ಲಿ ಸಂಗ್ರಹವಾಗಿತ್ತು. ಅದಕ್ಕೆ ವಾಸನೆಯಿರಲಿಲ್ಲವಾದ್ದರಿಂದ ಯಾರಿಗೂ ಸುಳಿವು ಸಿಕ್ಕಲಿಲ್ಲ. ಕಿಡಿಯೊಂದು ತಗುಲಿ ಇಡೀ ಕಟ್ಟಡ ಸಿಡಿಯಿತು; ಮಕ್ಕಳೂ ಉಪಾಧ್ಯಾಯರೂ ಸೇರಿ ಮುನ್ನೂರರ ಸಮೀಪ ಜನ ಮಡಿದರು. ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಲೇಬೇಕೆಂಬ ಶಾಸನ ಆ ದುರಂತದ ಬಳಿಕ ಬಂತು. ಇಂದು ಪ್ರೊಪೇನಿಗೆ ಬೆರೆಸುವ ಈಥೈಲ್ ಮರ್‌ಕ್ಯಾಪ್ಟನ್ನಿನ ಕೊಳೆತ ವಾಸನೆ ಆ ಮಕ್ಕಳು ಬಿಟ್ಟುಹೋದ ಎಚ್ಚರಿಕೆಯೆಂದರೆ ತಪ್ಪಾಗಲಾರದು.

ಎರಡನೆಯ ಶತ್ರು ಇದಕ್ಕಿಂತ ಮೋಸಗಾರ. ಪ್ರೊಪೇನ್ ಪೂರ್ಣವಾಗಿ ಉರಿಯಬೇಕಾದರೆ ಅದರ ಒಂದು ಪಾಲಿಗೆ ಸುಮಾರು 24 ಪಾಲು ಗಾಳಿ ಬೇಕು. ಅಷ್ಟು ದೊರೆತರೆ ಹುಟ್ಟುವುದು ನೀರಾವಿ ಮತ್ತು ಇಂಗಾಲಾಮ್ಲ ಮಾತ್ರ. ಗಾಳಿ ಸಾಲದಾದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಓಕರಿಕೆ, ಮಂಪರು. ಎಚ್ಚರವಾಗಿರುವವನು ನೆಗಡಿಯೋ ಪ್ರಯಾಣದ ಆಯಾಸವೋ ಎಂದುಕೊಳ್ಳುತ್ತಾನೆ. ನಿದ್ರಿಸುವವನು ಏನನ್ನೂ ಅಂದುಕೊಳ್ಳುವುದಿಲ್ಲ.

1977ರಲ್ಲಿ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿ ಗೆದ್ದ ಟೆನಿಸ್ ಆಟಗಾರ ವಿಟಾಸ್ ಗೆರುಲೈಟಿಸ್ ಮಡಿದದ್ದು ಹೀಗೆಯೇ. 1994ರ ಸೆಪ್ಟೆಂಬರಿನಲ್ಲಿ ಆತ ನ್ಯೂಯಾರ್ಕ್ ರಾಜ್ಯದ ಸೌತ್‌ಹ್ಯಾಂಪ್ಟನ್ನಿನಲ್ಲಿ ಸ್ನೇಹಿತನೊಬ್ಬನ ಅತಿಥಿಗೃಹದಲ್ಲಿ ತಂಗಿದ್ದ. ಈಜುಕೊಳದ ನೀರು ಕಾಯಿಸುವ ಯಂತ್ರವನ್ನು ಸರಿಯಾಗಿ ಹೂಡಿರಲಿಲ್ಲ. ಅದರ ವಿಷಾನಿಲ ಆತ ಮಲಗಿದ್ದ ಕೋಣೆಯನ್ನು ಸೇರಿತು. ಆಗ ಆತನಿಗೆ ನಲವತ್ತೇ ವರ್ಷ. ಅನಿಲ ಸೋರಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಯಂತ್ರ ಬಿಟ್ಟ ಉಸಿರು ಹೋಗಬಾರದ ಕಡೆಗೆ ಹೋಗಿತ್ತು, ಅಷ್ಟೆ.

ಬೆಂಕಿಗೆ ಬೇರೆ ಉಸಿರು

ಮನೆಗಾಡಿಯ ಅಗ್ಗಿಷ್ಟಿಕೆಯ ರಚನೆ ಈ ಅಪಾಯವನ್ನು ಮುಂಗಂಡೇ ಆದದ್ದು. ಅದರೊಳಗೆ ಎರಡು ಗಾಳಿಯ ದಾರಿಗಳಿವೆ. ಅವು ಎಂದೂ ಒಂದನ್ನೊಂದು ಸಂಧಿಸುವುದಿಲ್ಲ. ಉರಿಗೆ ಬೇಕಾದ ಗಾಳಿ ಗಾಡಿಯ ಹೊರಗೋಡೆಯಲ್ಲಿರುವ ಒಂದು ಕೊಳವೆಯಿಂದ ಒಳಬಂದು, ಮುಚ್ಚಿದ ಲೋಹದ ಗೂಡಿನಲ್ಲಿ ಪ್ರೊಪೇನನ್ನು ಉರಿಸಿ, ಇನ್ನೊಂದು ಕೊಳವೆಯಿಂದ ಹೊರಕ್ಕೇ ಹೋಗುತ್ತದೆ. ಜನ ಉಸಿರಾಡುವ ಗಾಳಿ ಆ ಕಾದ ಗೂಡಿನ ಹೊರಮೈಯನ್ನು ಸವರಿ, ಬೆಚ್ಚಗಾಗಿ ಕೋಣೆಗೆ ಮರಳುತ್ತದೆ. ಶಾಖ ಮಾತ್ರ ಲೋಹವನ್ನು ದಾಟುತ್ತದೆ, ಹೊಗೆ ದಾಟುವುದಿಲ್ಲ. ಅಡುಗೆಯ ಒಲೆಯ ಹೊರತಾಗಿ, ಮನೆಗಾಡಿಯಲ್ಲಿ ಇಂಧನ ಉರಿಸುವ ಉಪಕರಣಗಳೆಲ್ಲ ಹೀಗೆ ಒಳಗಿನ ಗಾಳಿಯಿಂದ ಬೇರ್ಪಟ್ಟಿರಬೇಕೆಂದು ಅಮೆರಿಕದ ರಾಷ್ಟ್ರೀಯ ಅಗ್ನಿಸಂರಕ್ಷಣ ಸಂಘದ 1192ನೆಯ ಸಂಹಿತೆ ವಿಧಿಸುತ್ತದೆ.

ಇದನ್ನರಿಯದೆ ಕೆಲವರು ಡೇರೆಯ ಹೊರಗೆ ಬಳಸುವ ತೆರೆದ ಉರಿಯ ಹೀಟರನ್ನು ತಂದು ಗಾಡಿಯೊಳಗಿಟ್ಟು ಮಲಗುತ್ತಾರೆ. ಅದು ಜನರ ಪಾಲಿನ ಆಮ್ಲಜನಕವನ್ನೇ ನುಂಗುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದಾಗ ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯಾಗಿ ಹುಟ್ಟುವುದರಿಂದ ಗೋಡೆಗಳು ಬೆವರಿ ಹಾಸಿಗೆಯೂ ತೊಯ್ಯುತ್ತದೆ. ಚಳಿಗೆಂದು ಕಿಟಕಿಗಳನ್ನು ಭದ್ರಪಡಿಸಿದಷ್ಟೂ ಅಪಾಯ ಬೆಳೆಯುತ್ತದೆ.

ಹೂಡುವ ಬಗೆ

ಮೊದಲನೆಯದು ಆಯ್ಕೆ. ಮನೆಗಾಡಿಗೆಂದೇ ಪರೀಕ್ಷಿಸಿ ಪ್ರಮಾಣೀಕರಿಸಿದ ಅಗ್ಗಿಷ್ಟಿಕೆಯೇ ಆಗಬೇಕು. ಮನೆಯದನ್ನು ಗಾಡಿಗೆ ಅಳವಡಿಸಬಾರದು. ಇದರ ಸಾಮರ್ಥ್ಯವನ್ನು ಬಿ.ಟಿ.ಯು. ಎಂಬ ಶಾಖಮಾನದಲ್ಲಿ ಅಳೆಯುತ್ತಾರೆ. ದೊಡ್ಡದಿದ್ದರೆ ಬೇಗ ಬೆಚ್ಚಗಾದೀತೆಂಬ ಆಸೆ ಸಹಜ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಪ್ರತಿಯೊಂದು ಅಗ್ಗಿಷ್ಟಿಕೆಗೂ ಇಷ್ಟು ಬಿಸಿಗಾಳಿಯ ನಾಳಗಳು, ಗಾಳಿ ಮರಳಿಬರಲು ಇಷ್ಟು ಅಗಲದ ಕಿಂಡಿ ಬೇಕೆಂದು ತಯಾರಕರು ನಿಗದಿಮಾಡಿರುತ್ತಾರೆ. ಚಿಕ್ಕ ಗಾಡಿಯಲ್ಲಿ ಅವಕ್ಕೆ ಎಡೆಯಿಲ್ಲದಿದ್ದರೆ ಶಾಖ ಒಳಗೇ ಉಳಿದು ಯಂತ್ರ ಅತಿಯಾಗಿ ಕಾಯುತ್ತದೆ. ಶಾಖದ ಗೂಡು ಹೀಗೆ ಪದೇ ಪದೇ ಮಿತಿಮೀರಿ ಕಾದರೆ ಕಾಲಕ್ರಮದಲ್ಲಿ ಬಿರುಕುಬಿಟ್ಟೀತು. ಬಿರುಕುಬಿಟ್ಟ ಗೂಡು ಎರಡು ಉಸಿರುಗಳನ್ನು ಒಂದುಮಾಡುತ್ತದೆ.

ಎರಡನೆಯದು ಸ್ಥಳ. ಅಗ್ಗಿಷ್ಟಿಕೆ ಹೊರಗೋಡೆಗೆ ಹೊಂದಿಕೊಂಡಿರಬೇಕು. ಮರ, ಬಟ್ಟೆ, ನಿರೋಧಕ ಪದಾರ್ಥಗಳಿಂದ ಸೂಚಿಸಿದಷ್ಟು ಅಂತರ ಬಿಡಬೇಕು. ಪಕ್ಕದ ಖಾಲಿ ಜಾಗವನ್ನು ಕಂಡು ಹಳೆಯ ಪತ್ರಿಕೆ, ಕಂಬಳಿಗಳನ್ನು ತುರುಕಬಾರದು. ಉರಿದ ಗಾಳಿ ಹೊರಬೀಳುವ ಬಾಯಿ, ತೆರೆಯಬಲ್ಲ ಕಿಟಕಿಯ ಕೆಳಗಾಗಲಿ, ಅನಿಲ ತುಂಬುವ ಸ್ಥಳದ ಬಳಿಯಾಗಲಿ, ಬಾಗಿಲು ತೆರೆದಾಗ ಮುಚ್ಚಿಹೋಗುವಲ್ಲಿಯಾಗಲಿ ಇರಕೂಡದು. ಗಾಡಿಯ ಅಡಿಯಲ್ಲಿ ಬಿಡುವುದಂತೂ ಸಲ್ಲದು. ಅಲ್ಲಿ ಸೇರಿದ ವಿಷ ನೆಲದ ಸಂದಿಗಳಿಂದ ಮೇಲಕ್ಕೇ ಬರುತ್ತದೆ.

ಮೂರನೆಯದು ಹೊಗೆಯ ಕೊಳವೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಗೋಡೆಯ ದಪ್ಪಕ್ಕೆ ತಕ್ಕ ಉದ್ದದ ಕೊಳವೆಯನ್ನೇ ತಯಾರಕರಿಂದ ಪಡೆಯಬೇಕು. ಯಂತ್ರದ ಕೊಳವೆಯೂ ಹೊರಮುಚ್ಚಳದ ಕೊಳವೆಯೂ ಸೂಚಿಸಿದಷ್ಟು ಒಂದರೊಳಗೊಂದು ಕೂಡಿರಬೇಕು. ಅರ್ಧ ಅಂಗುಲ ಸಾಲದಾಯಿತೆಂದು ತಗಡು ಸುತ್ತಿ ತೇಪೆಹಾಕಿದರೆ, ಗಾಡಿ ರಸ್ತೆಯಲ್ಲಿ ಕುಲುಕಿದಂತೆಲ್ಲ ಆ ತೇಪೆ ಸಡಿಲವಾಗುತ್ತದೆ. ನೆಟ್ಟ ಮನೆಗೂ ಓಡುವ ಮನೆಗೂ ಇರುವ ಭೇದವೇ ಇದು: ಓಡುವ ಮನೆಗೆ ಪ್ರತಿದಿನವೂ ಸಣ್ಣದೊಂದು ಭೂಕಂಪ.

ನಾಲ್ಕನೆಯದು ಅನಿಲದ ಕೊಳವೆ. ಸಿಲಿಂಡರಿನೊಳಗೆ ಬೆಚ್ಚನೆಯ ದಿನ ಚದರ ಅಂಗುಲಕ್ಕೆ ನೂರು ಪೌಂಡಿಗೂ ಮಿಗಿಲಾದ ಒತ್ತಡವಿರುತ್ತದೆ. ಅಗ್ಗಿಷ್ಟಿಕೆಗೆ ಬೇಕಾದದ್ದು 11 ಅಂಗುಲ ನೀರಿನ ಕಂಬದಷ್ಟು, ಎಂದರೆ ಅರ್ಧ ಪೌಂಡಿಗೂ ಕಡಿಮೆ. ಈ ದೈತ್ಯನನ್ನು ಎರಡು ಹಂತಗಳ ರೆಗ್ಯುಲೇಟರು ಪಳಗಿಸುತ್ತದೆ. ಒತ್ತಡವನ್ನು ಮಾಪಕದಿಂದ ಅಳೆದು ನೋಡಬೇಕೇ ಹೊರತು ಉರಿಯ ಬಣ್ಣ ನೋಡಿ ಊಹಿಸಬಾರದು. ಕೊಳವೆ ನೆಲವನ್ನು ಹಾಯುವ ರಂಧ್ರಕ್ಕೆ ರಬ್ಬರಿನ ಬಳೆ ತೊಡಿಸಬೇಕು. ಇಲ್ಲದಿದ್ದರೆ ತಗಡಿನ ಅಂಚು ತಾಮ್ರವನ್ನು ಮೆಲ್ಲಮೆಲ್ಲನೆ ಕೊರೆಯುತ್ತದೆ. ಜೋಡಣೆಯನ್ನು ಬಿಗಿಮಾಡುವಾಗ ಎರಡು ಸ್ಪ್ಯಾನರುಗಳು ಬೇಕು. ಒಂದು ಹಿಡಿಯಲಿಕ್ಕೆ, ಇನ್ನೊಂದು ತಿರುಗಿಸಲಿಕ್ಕೆ. ಒಂದರಿಂದಲೇ ತಿರುಚಿದರೆ ಒಳಗಿನ ಕೊಳವೆಯೇ ತಿರುಚಿಕೊಂಡೀತು.

ಬಳಿಕ ಸೋರಿಕೆಯ ಪರೀಕ್ಷೆ. ಪ್ರತಿಯೊಂದು ಸಂದಿಗೂ ಸಾಬೂನಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಕೊಳವೆಯಲ್ಲಿ ಒತ್ತಡ ತುಂಬಿ, ಮಾಪಕದ ಮುಳ್ಳು ಇಳಿಯದೆ ನಿಲ್ಲುವುದೇ ಎಂದೂ ಪರೀಕ್ಷಿಸಬೇಕು. ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸುವಾಗ ಅಗ್ಗಿಷ್ಟಿಕೆಯನ್ನು ಕೊಳವೆಯಿಂದ ಬಿಡಿಸಿಡುವುದು ಕಡ್ಡಾಯ. ಇಲ್ಲವಾದರೆ ಅದರ ನಾಜೂಕಾದ ಕವಾಟ ಕೆಡುತ್ತದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವನು ಅದನ್ನು ಹುಡುಕುವುದು ಒಂದೇ ಸಲ.

ಈ ಅನಿಲದ ಕೆಲಸವನ್ನು ತರಬೇತಿ ಪಡೆದವನೇ ಮಾಡುವುದು ಮೇಲು. ಒಡೆಯ ತಾನೇ ಪೆಟ್ಟಿಗೆಯನ್ನು ಕೂರಿಸಿದರೂ, ಕೊಳವೆಯ ಜೋಡಣೆಯನ್ನೂ ಒತ್ತಡದ ಪರೀಕ್ಷೆಯನ್ನೂ ಬಲ್ಲವನಿಗೆ ಒಪ್ಪಿಸುವುದರಲ್ಲಿ ಅವಮಾನವಿಲ್ಲ.

ಒಳಗಿನ ಕಾವಲುಗಾರರು

ಎಲ್ಲವೂ ಸರಿಯಾಗಿದ್ದರೂ ಯಂತ್ರ ತನ್ನನ್ನು ತಾನೇ ನಂಬುವುದಿಲ್ಲ. ಥರ್ಮೋಸ್ಟಾಟು ಕರೆದಾಗ ಮೊದಲು ಬೀಸಣಿಗೆ ಮಾತ್ರ ತಿರುಗಿ, ಗೂಡಿನಲ್ಲಿ ಉಳಿದಿರಬಹುದಾದ ಅನಿಲವನ್ನು ಹೊರದೂಡುತ್ತದೆ. ಗಾಳಿಯ ದಾರಿಯಲ್ಲಿ ನಿಂತ ಒಂದು ಪುಟ್ಟ ತಗಡಿನ ಎಲೆ ಸಾಕಷ್ಟು ಗಾಳಿ ಬೀಸಿದರೆ ಮಾತ್ರ ಬಾಗಿ ಸಂಜ್ಞೆ ಕೊಡುತ್ತದೆ. ಆಮೇಲೆಯೇ ಅನಿಲದ ಕವಾಟ ತೆರೆದು ಕಿಡಿ ಹಾರುವುದು. ಉರಿ ಹತ್ತದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಅನಿಲ ನಿಲ್ಲುತ್ತದೆ. ಕಾವು ಮಿತಿಮೀರಿದರೆ ಇನ್ನೊಂದು ಗುಂಡಿ ಎಲ್ಲವನ್ನೂ ಆರಿಸುತ್ತದೆ.

ಬೀಸಣಿಗೆಯನ್ನು ನಡೆಸುವುದು ಗಾಡಿಯ 12 ವೋಲ್ಟಿನ ಬ್ಯಾಟರಿ. ತಂತಿ ತೆಳ್ಳಗಿದ್ದರೆ ಅಥವಾ ಬ್ಯಾಟರಿ ಸೊರಗಿದ್ದರೆ ಬೀಸಣಿಗೆ ನಿಧಾನವಾಗಿ, ಎಲೆ ಬಾಗದೆ, ಅಗ್ಗಿಷ್ಟಿಕೆ ಹೊತ್ತುವುದಿಲ್ಲ. ನಡುರಾತ್ರಿಯ ಚಳಿಯಲ್ಲಿ ಬೇಸತ್ತವನು ‘ಈ ಎಲೆಯೇ ಕಂಟಕ’ ಎಂದು ಅದರ ತಂತಿಗಳನ್ನು ನೇರವಾಗಿ ಜೋಡಿಸಿಬಿಡುವುದುಂಟು. ಆತುರಗಾರನಿಗೆ ಬುದ್ಧಿ ಮಟ್ಟ. ಅವನು ಚಳಿಯನ್ನು ಗೆಲ್ಲಲು ಕಾವಲುಗಾರನ ಕಣ್ಣನ್ನೇ ಕಟ್ಟಿದಂತಾಯಿತು. ಬದಲಿಸಬೇಕಾದದ್ದು ಬ್ಯಾಟರಿಯನ್ನು.

ಗಾಡಿಯೊಳಗೆ ಇನ್ನೂ ಎರಡು ಕಾವಲು ಬೇಕು. ಪ್ರೊಪೇನ್ ಸೋರಿದರೆ ಕೂಗುವ ಯಂತ್ರ ನೆಲದ ಬಳಿ. ಕಾರ್ಬನ್ ಮಾನಾಕ್ಸೈಡನ್ನು ಗುರುತಿಸುವ ಯಂತ್ರ ಮಲಗುವವರ ಹತ್ತಿರ. ಹಿಂದೆ ಕಲ್ಲಿದ್ದಲ ಗಣಿಗಳಲ್ಲಿ ಈ ಎರಡನೆಯ ಕೆಲಸವನ್ನು ಕ್ಯಾನರಿ ಹಕ್ಕಿ ಮಾಡುತ್ತಿತ್ತು. ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ತನ್ನ ಮೇಲೆಯೇ ಈ ವಿಷವನ್ನು ಪ್ರಯೋಗಿಸಿಕೊಂಡು, ಬಳಿಕ ಗಣಿಗಾರರಿಗೆ ಆ ಹಕ್ಕಿಯ ಉಪಾಯವನ್ನು ಸೂಚಿಸಿದ. ಇಂದಿನ ಯಂತ್ರ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು ವಿಷವಿದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೂ, 400 ಪಾಲಿದ್ದರೆ ನಾಲ್ಕರಿಂದ ಹದಿನೈದು ನಿಮಿಷದೊಳಗೂ ಕೂಗುತ್ತದೆ. ಕೂಗಿದೊಡನೆ ಎಲ್ಲರೂ ಹೊರಗೆ ಬರಬೇಕು. ಕಾರಣ ಹುಡುಕುವುದು ಆಮೇಲೆ.

ವರ್ಷಕ್ಕೊಮ್ಮೆ ಚಳಿಗಾಲಕ್ಕೆ ಮುನ್ನ ಹೊರಗಿನ ಕೊಳವೆಯ ಬಾಯನ್ನು ನೋಡಲೇಬೇಕು. ಬೇಸಿಗೆಯಲ್ಲಿ ಕಣಜಗಳು ಅಲ್ಲಿ ಮಣ್ಣಿನ ಗೂಡು ಕಟ್ಟುವುದುಂಟು. ಜೇಡ ಬಲೆ ನೇಯುವುದುಂಟು. ಹಿಮ ಬಿದ್ದ ರಾತ್ರಿ ಆ ಬಾಯಿ ಮುಚ್ಚದಂತೆ ನೋಡಿಕೊಳ್ಳಬೇಕು. ಹುಳು ಬಾರದಿರಲೆಂದು ಜಾಲರಿ ಹಾಕುವುದು ಜಾಣತನವೆಂದು ತೋರಿದರೂ, ಅದರಿಂದ ಗಾಳಿ ಕುಗ್ಗುವುದರಿಂದ ತಯಾರಕರೇ ಬೇಡವೆನ್ನುವುದುಂಟು. ಗಾಡಿ ಓಡುವಾಗ ಸಿಲಿಂಡರಿನ ಕವಾಟ ಮುಚ್ಚಿರುವುದು ಕ್ಷೇಮ. ಪೆಟ್ರೋಲ್ ಬಂಕಿಗೆ ಹೋಗುವ ಮೊದಲು ಎಲ್ಲ ಉರಿಯೂ ಆರಿರಬೇಕು.

ಹೆಂಚಿನ ಮನೆಯೂ ಬಚ್ಚಲಿನ ಗೀಸರೂ

ಮನೆಗಾಡಿಯಿಲ್ಲದ ವಾಚಕರಿಗೆ ಇದರಿಂದ ಏನು ಪ್ರಯೋಜನವೆಂಬ ಪ್ರಶ್ನೆ ಏಳಬಹುದು. ಮಲೆನಾಡಿನ ಬಾಣಂತಿಯ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಡುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಹೆಂಚಿನ ಮನೆ ತಾನೇ ಉಸಿರಾಡುತ್ತಿತ್ತು; ಹೆಂಚಿನ ಸಂದುಗಳಿಂದ ಕೆಟ್ಟ ಗಾಳಿ ಹೊರಗೂ ಬಾಗಿಲ ಸಂದಿನಿಂದ ಒಳ್ಳೆಯ ಗಾಳಿ ಒಳಗೂ ಸಾಗುತ್ತಿತ್ತು. ಇಂದಿನ ಊರುಗಳ ಕಾಂಕ್ರೀಟಿನ ಬಚ್ಚಲುಮನೆ ಹಾಗಲ್ಲ. ನಾಲ್ಕಡಿ ಅಗಲ, ಬಿಗಿಯಾದ ಬಾಗಿಲು, ಚಳಿಗೆಂದು ಮುಚ್ಚಿದ ಗವಾಕ್ಷಿ. ಗೋಡೆಯ ಮೇಲೆ ತೆರೆದ ಉರಿಯ ಗ್ಯಾಸ್ ಗೀಸರು. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲವೆಂಬ ವಾರ್ತೆ ಬೆಂಗಳೂರಿನಂಥ ನಗರಗಳಿಂದ ಮತ್ತೆ ಮತ್ತೆ ಬಂದಿದೆ.

ಅರಿಜೋನಾದ ಮನೆಗಾಡಿಗೂ ಆ ಬಚ್ಚಲಿಗೂ ಸಲ್ಲುವ ಧರ್ಮ ಒಂದೇ. ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವ ಬಯಲಿನಲ್ಲಿ ಹೂಡಿ, ಬಿಸಿನೀರನ್ನು ಮಾತ್ರ ಕೊಳವೆಯಿಂದ ಒಳತರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ. ಈ ವಿಷದ ವಿಷಯದಲ್ಲಿ ಬಾವಿ ತೋಡುವಷ್ಟು ಸಮಯವೂ ಸಿಕ್ಕುವುದಿಲ್ಲ. ಮುಂದಿನ ಬಾರಿ ಬಚ್ಚಲ ಬಾಗಿಲು ಹಾಕುವ ಮುನ್ನ, ಉರಿಯುವ ಆ ನೀಲಿ ಬೆಂಕಿ ಯಾರ ಪಾಲಿನ ಗಾಳಿಯನ್ನು ಉಣ್ಣುತ್ತಿದೆಯೆಂದು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು.